ಹೆಡ್‌ಫೋನ್ ಪಿನ್ ಮುರಿದಾಗ: ಹೊಸದು ಕೊಳ್ಳುವುದೇ, ಅಂಗಡಿಗೆ ಕೊಡುವುದೇ, ಮನೆಯಲ್ಲೇ ಬೆಸುಗೆ ಹಾಕುವುದೇ?

ತಂತಿಯಿರುವ ಹೆಡ್‌ಫೋನಿನಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ 3.5 ಮಿ.ಮೀ. ಪಿನ್ ಮತ್ತು ಅದರ ಕತ್ತಿನ ಬಳಿಯ ಒಂದೆರಡು ಇಂಚು ಕೇಬಲ್. ಫೋನ್ ಜೇಬಿನಲ್ಲಿದ್ದಾಗ, ಲ್ಯಾಪ್‌ಟಾಪ್ ತೊಡೆಯ ಮೇಲಿದ್ದಾಗ, ಬಸ್ಸಿನ ಸೀಟಿನಿಂದ ಏಳುವಾಗ ಬಾಗುವುದೆಲ್ಲ ಆ ಜಾಗದಲ್ಲೇ. ಮೊದಲು ಒಂದು ಕಿವಿಯಲ್ಲಿ ಹಾಡು ಆಗಾಗ ನಿಲ್ಲುತ್ತದೆ, ಕೇಬಲನ್ನು ಬೆರಳಿನಿಂದ ಒತ್ತಿ ಹಿಡಿದರೆ ಮರಳಿ ಬರುತ್ತದೆ, ಕೆಲವು ವಾರಗಳಲ್ಲಿ ರಬ್ಬರ್ ಸೀಳಿ ಒಳಗಿನ ಬಣ್ಣದ ಎಳೆಗಳು ಹೊರಗೆ ಇಣುಕುತ್ತವೆ. ಕಿವಿಯ ಬಳಿಯ ಸ್ಪೀಕರ್ ಮಾತ್ರ ಆ ಹೊತ್ತಿಗೂ ಹೊಸದರಂತೆಯೇ ಇರುತ್ತದೆ.

ಇಂಥ ಹೆಡ್‌ಫೋನನ್ನು ಎಸೆದು ಹೊಸದನ್ನು ತರಬಹುದು, ಮೊಬೈಲ್ ರಿಪೇರಿ ಅಂಗಡಿಗೆ ಕೊಡಬಹುದು, ಸ್ಕ್ರೂ ಬಿಗಿಯುವ ಪಿನ್ನನ್ನು ಬೆಸುಗೆಯಿಲ್ಲದೆ ಹಾಕಬಹುದು, ಬಿಡಿ ಪಿನ್ ತಂದು ಬೆಸುಗೆ ಹಾಕಬಹುದು, ಇಲ್ಲವೇ ಇನ್ನೊಂದು ಕೇಬಲಿನ ಪಿನ್ನನ್ನು ತಂತಿಸಮೇತ ಕತ್ತರಿಸಿ ಇದಕ್ಕೆ ಜೋಡಿಸಬಹುದು. ಹೆಚ್ಚಿನವರು ಯೋಚನೆ ಆರಂಭಿಸುವುದು ಯಾವ ಸೋಲ್ಡರಿಂಗ್ ಐರನ್ (ಬೆಸುಗೆ ಹಾಕುವ ಬಿಸಿ ಕಡ್ಡಿ) ಕೊಳ್ಳಬೇಕು ಎಂಬಲ್ಲಿಂದ. ನನ್ನ ಅಭಿಪ್ರಾಯದಲ್ಲಿ ಈ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಕೇಬಲಿನ ಒಳಗೆ ಎಷ್ಟು ತಂತಿಗಳಿವೆ, ಅವು ಎಂಥವು ಎಂಬ ಪ್ರಶ್ನೆ. ಉಪಕರಣದ ಮಾತು ಆಮೇಲಿನದು.

ದೋಷ ಪಿನ್ನಿನಲ್ಲೇ ಇದೆಯೇ?

ಕತ್ತರಿ ಹಿಡಿಯುವ ಮೊದಲು ಹೆಡ್‌ಫೋನನ್ನು ಬೇರೊಂದು ಫೋನಿಗೋ ಟಿ.ವಿ.ಗೋ ಸಿಕ್ಕಿಸಿ ನೋಡಬೇಕು. ಅಲ್ಲಿ ಎರಡೂ ಕಿವಿ ಸರಿಯಾಗಿ ಕೇಳಿಸಿದರೆ ತೊಂದರೆ ನಿಮ್ಮ ಫೋನಿನ ತೂತಿನಲ್ಲಿದೆ. ಜೇಬಿನ ನೂಲು, ಧೂಳು ಗಟ್ಟಿಯಾಗಿ ತಳದಲ್ಲಿ ಕೂತು ಪಿನ್ ಪೂರ್ತಿ ಒಳಹೋಗದಂತೆ ತಡೆದಿರುವುದು ಬಹಳ ಸಾಮಾನ್ಯ. ಫೋನನ್ನು ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ನಿಧಾನವಾಗಿ ಕೆದಕಿ ತೆಗೆದರೆ ಒಂದು ಪೈಸೆ ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ.

ಬೇರೆ ಫೋನಿನಲ್ಲಿಯೂ ತೊಂದರೆ ಇದ್ದರೆ ಹಾಡು ಹಾಕಿಕೊಂಡು ಕೇಬಲನ್ನು ಪಿನ್ನಿನ ಕಡೆಯಿಂದ ಆರಂಭಿಸಿ ಎರಡೆರಡು ಇಂಚು ಬಿಟ್ಟು ಬಗ್ಗಿಸುತ್ತಾ ಹೋಗಬೇಕು. ಪಿನ್ನಿನ ಕತ್ತಿನಲ್ಲಿ ಬಗ್ಗಿಸಿದಾಗ ಮಾತ್ರ ಶಬ್ದ ಬಂದುಹೋಗುತ್ತಿದ್ದರೆ ಈ ಬರಹ ನಿಮಗೆ ಉಪಯೋಗಕ್ಕೆ ಬರುತ್ತದೆ. ಕೇಬಲ್ ಎರಡಾಗಿ ಕವಲೊಡೆಯುವ ಜಾಗದಲ್ಲಿ ಅಥವಾ ಮೈಕ್ ಇರುವ ಪುಟ್ಟ ಡಬ್ಬಿಯ ಬಳಿ ಹಾಗಾಗುತ್ತಿದ್ದರೆ ಪಿನ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಇನ್ನೊಂದು ಲಕ್ಷಣವನ್ನು ಗುರುತಿಸಲು ಕಲಿತರೆ ಒಳ್ಳೆಯದು. ಎರಡೂ ಕಿವಿಯಲ್ಲಿ ಶಬ್ದ ಬರುತ್ತಿದೆ, ಆದರೆ ಗಾಯಕರ ದನಿ ಎಲ್ಲೋ ದೂರ ಹೋದಂತಾಗಿ ವಾದ್ಯಗಳು, ಪ್ರತಿಧ್ವನಿ ಮಾತ್ರ ಉಳಿದಿವೆ ಎಂದಾದರೆ ಕಡಿದಿರುವುದು ಗ್ರೌಂಡ್ ತಂತಿ, ಅಂದರೆ ಎರಡೂ ಸ್ಪೀಕರುಗಳಿಂದ ವಿದ್ಯುತ್ ಮರಳುವ ಸಮಾನ ತಂತಿ. ಗ್ರೌಂಡ್ ಇಲ್ಲದಾಗ ಎಡ ಮತ್ತು ಬಲ ಸ್ಪೀಕರುಗಳು ಒಂದರ ಹಿಂದೆ ಒಂದು ಜೋಡಿಸಿದಂತಾಗಿ, ಎರಡು ಕಡೆಯ ಸಂಕೇತಗಳ ವ್ಯತ್ಯಾಸ ಮಾತ್ರ ಕೇಳಿಸುತ್ತದೆ; ಹಾಡಿನಲ್ಲಿ ದನಿಯನ್ನು ಸಾಮಾನ್ಯವಾಗಿ ಎರಡೂ ಕಡೆಗೆ ಸಮನಾಗಿ ಇಟ್ಟಿರುವುದರಿಂದ ಅದು ಪರಸ್ಪರ ಕಳೆದುಹೋಗುತ್ತದೆ. ಬೆಸುಗೆ ಮುಗಿದ ಮೇಲೂ ಈ ಲಕ್ಷಣ ಕಾಣಿಸಿಕೊಳ್ಳಬಹುದು. ಆಗಲೂ ಕಾರಣ ಇದೇ.

ಹೊಸದು, ಅಂಗಡಿ, ಮನೆ

ಬೀದಿಬದಿಯಲ್ಲಿ ನೂರು ರೂಪಾಯಿಗೆ ಸಿಗುವ ಇಯರ್‌ಫೋನಿನ ಪಿನ್ ಮುರಿದರೆ ಅದನ್ನು ಸರಿಪಡಿಸಲು ಕೂರುವುದು ಕಲಿಯುವ ಆಸೆಯಿದ್ದವರಿಗೆ ಮಾತ್ರ ಸರಿ. ಅದರ ತಂತಿ ಎಷ್ಟು ತೆಳುವೆಂದರೆ ಪಿನ್ ಸರಿಹೋದ ಮೇಲೆ ಇನ್ನೊಂದು ಕಡೆ ಕಡಿಯುವುದು ಹೆಚ್ಚುಕಡಿಮೆ ಖಚಿತ. ಹಾಗೆಂದು ಎಸೆಯಲೂ ಬೇಡ; ಬೆಸುಗೆ ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದಿಲ್ಲ.

ಸಾವಿರ ರೂಪಾಯಿ ಮೀರಿದ ಇಯರ್‌ಫೋನ್, ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್, ರೆಕಾರ್ಡಿಂಗಿಗೆ ಬಳಸುವ ಮಾನಿಟರ್ ಹೆಡ್‌ಫೋನ್ ಇವುಗಳ ವಿಷಯ ಬೇರೆ. ಇಲ್ಲಿ ಮೊದಲು ನೋಡಬೇಕಾದದ್ದು ಕೇಬಲ್ ಹೆಡ್‌ಫೋನಿನಿಂದ ಬಿಚ್ಚಿಕೊಳ್ಳುತ್ತದೆಯೇ ಎಂಬುದು. ಕಿವಿಯ ಬಟ್ಟಲಿನ ಕೆಳಗೆ 3.5 ಅಥವಾ 2.5 ಮಿ.ಮೀ. ತೂತಿದ್ದರೆ, ಇಯರ್‌ಫೋನಿನಲ್ಲಿ 0.78 ಮಿ.ಮೀ.ನ ಎರಡು ಮೊಳೆಗಳ ಜೋಡಣೆಯೋ ಎಂಎಂಸಿಎಕ್ಸ್ ಎಂಬ ತಿರುಗುವ ಗುಂಡಿಯಂಥ ಜೋಡಣೆಯೋ ಇದ್ದರೆ, ಹೊಸ ಕೇಬಲ್ ಕೊಂಡು ಸಿಕ್ಕಿಸುವುದಕ್ಕಿಂತ ಒಳ್ಳೆಯ ದಾರಿಯಿಲ್ಲ. ಬೆಸುಗೆಯ ಚರ್ಚೆಯೇ ಅಲ್ಲಿ ಅನಗತ್ಯ.

ಅಂಗಡಿಗೆ ಕೊಡುವುದರಲ್ಲಿ ತಪ್ಪೇನಿಲ್ಲ. ಪಿನ್ ಬದಲಿಸುವುದು ಕೈಪಳಗಿದ ಮೆಕ್ಯಾನಿಕ್‌ಗೆ ಹತ್ತು ನಿಮಿಷದ ಕೆಲಸ. ಆದರೆ ಎರಡು ವಿಷಯ ಕೇಳಿಕೊಳ್ಳಬೇಕು. ಮೈಕ್ ಇರುವ ಹೆಡ್‌ಫೋನಿಗೆ ನಾಲ್ಕು ಭಾಗದ (ಮೂರು ಉಂಗುರಗೆರೆಗಳ) ಪಿನ್ನನ್ನೇ ಹಾಕುತ್ತಾರೆಯೇ ಎಂಬುದು ಮೊದಲನೆಯದು. ಮೂರು ಭಾಗದ ಪಿನ್ ಹಾಕಿ, ಹಾಡು ಕೇಳಿಸಿ ಕೈತೊಳೆದುಕೊಂಡರೆ ಮೈಕ್ ಹೋದದ್ದು ನಿಮಗೆ ಗೊತ್ತಾಗುವುದು ಮನೆಗೆ ಬಂದು ಕರೆ ಮಾಡಿದಾಗ. ಎರಡನೆಯದು, ಮುರಿದ ಜಾಗದಿಂದ ಎಷ್ಟು ಉದ್ದ ಕತ್ತರಿಸುತ್ತಾರೆ ಎಂಬುದು. ಇದರ ಮಾತು ಮುಂದೆ ಬರುತ್ತದೆ.

ಟೈಪ್-ಸಿ ಪಿನ್ನಿನ ಇಯರ್‌ಫೋನಿನ ಬಗ್ಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. 2016ರಲ್ಲಿ ಐಫೋನ್ 7 ಬಂದ ನಂತರ 3.5 ಮಿ.ಮೀ. ತೂತಿಲ್ಲದ ಫೋನುಗಳು ಹೆಚ್ಚಾಗಿ, ಟೈಪ್-ಸಿ ಇಯರ್‌ಫೋನುಗಳೂ ಮನೆಮನೆಗೆ ಬಂದಿವೆ. ಅವುಗಳ ಪಿನ್ನಿನೊಳಗೆ ಡಿಜಿಟಲ್ ಸಂಕೇತವನ್ನು ಶಬ್ದದ ಸಂಕೇತವಾಗಿ ಬದಲಿಸುವ ಚಿಪ್ ಇರುವುದೇ ಹೆಚ್ಚು. ಆದ್ದರಿಂದ ಬಿಡಿ ಟೈಪ್-ಸಿ ಪಿನ್ ತಂದು ಬೆಸೆದರೆ ಅದು ಕೆಲಸ ಮಾಡುವುದಿಲ್ಲ. ಆದರೆ ಚಿಪ್ ಪಿನ್ನಿನಲ್ಲೇ ಇದ್ದರೆ ಅದರಾಚೆಗಿನ ತಂತಿಗಳು ಮಾಮೂಲಿ ಹೆಡ್‌ಫೋನಿನವೇ. ಅಂಥದಕ್ಕೆ 3.5 ಮಿ.ಮೀ. ಪಿನ್ ಹಾಕಿ, ಬೇಕಿದ್ದರೆ ಪ್ರತ್ಯೇಕ ಟೈಪ್-ಸಿ ಅಡಾಪ್ಟರ್ ಬಳಸಬಹುದು.

ಕೇಬಲಿನ ಒಳಗೆ ಏನಿದೆ

ಮುರಿದ ಜಾಗದಿಂದ ಕನಿಷ್ಠ ಐದು ಸೆಂಟಿಮೀಟರ್ ಬಿಟ್ಟು ಕೇಬಲನ್ನು ಕತ್ತರಿಸಬೇಕು. ಬಗ್ಗಿ ಬಗ್ಗಿ ಬಳಲಿದ ತಾಮ್ರ ರಬ್ಬರಿನೊಳಗೆ ಕಣ್ಣಿಗೆ ಕಾಣದಂತೆ ಕಡಿದಿರುತ್ತದೆ. ಉದ್ದ ಉಳಿಸುವ ಆಸೆಯಿಂದ ಅರ್ಧ ಇಂಚಿಗೇ ಕತ್ತರಿಸಿದರೆ ಹಳೆಯ ದೋಷದ ಮೇಲೆಯೇ ಹೊಸ ಪಿನ್ ಕೂರಿಸಿದಂತಾಗುತ್ತದೆ. ನಂತರ ಹೊರಗಿನ ರಬ್ಬರನ್ನು ಒಂದೂವರೆ ಸೆಂಟಿಮೀಟರಿನಷ್ಟು ಬ್ಲೇಡಿನಿಂದ ಸುತ್ತಲೂ ಹಗುರವಾಗಿ ಗೀರಿ ಎಳೆದು ತೆಗೆದರೆ ಎರಡರಲ್ಲಿ ಒಂದು ದೃಶ್ಯ ಕಾಣುತ್ತದೆ.

ಪ್ರತಿ ತಂತಿಗೂ ತನ್ನದೇ ಪ್ಲಾಸ್ಟಿಕ್ ಹೊದಿಕೆಯಿದ್ದು, ಅದನ್ನು ಸುಲಿದರೆ ಹೊಳೆಯುವ ತಾಮ್ರ ಬಂದರೆ ನಿಮ್ಮ ಅದೃಷ್ಟ. ದೊಡ್ಡ ಹೆಡ್‌ಫೋನುಗಳಲ್ಲಿ, ಎರಡೂ ತುದಿಗೆ ಪಿನ್ ಇರುವ ಆಕ್ಸ್ ಕೇಬಲುಗಳಲ್ಲಿ ಹೀಗಿರುವುದುಂಟು. ಇಯರ್‌ಫೋನುಗಳಲ್ಲಿ ಮಾತ್ರ ಬಹುತೇಕ ಯಾವಾಗಲೂ ಎರಡನೆಯ ದೃಶ್ಯ: ಕೆಂಪು, ಹಸಿರು ಅಥವಾ ನೀಲಿ, ಮತ್ತು ತಾಮ್ರದ ಬಣ್ಣದ ಎಳೆಗಳ ಕಂತೆ, ಅವುಗಳ ನಡುವೆ ಬಲಕ್ಕಾಗಿ ಹಾಕಿದ ನೈಲಾನಿನಂಥ ನೂಲು. ಈ ಬಣ್ಣ ಪ್ಲಾಸ್ಟಿಕಿನದಲ್ಲ. ಕೂದಲಿಗಿಂತ ಸಣ್ಣ ಪ್ರತಿ ಎಳೆಯ ಮೇಲೂ ಎನಾಮಲ್ ಲೇಪವಿದೆ, ಅದು ವಿದ್ಯುತ್ತನ್ನು ಹಾಯಗೊಡುವುದಿಲ್ಲ, ಬೆಸುಗೆಯನ್ನೂ ಹಿಡಿಯುವುದಿಲ್ಲ. ಬಣ್ಣವಿಲ್ಲದೆ ಬರೀ ತಾಮ್ರದಂತೆ ಕಾಣುವ ಎಳೆಗೂ ಪಾರದರ್ಶಕ ಎನಾಮಲ್ ಇರಬಹುದು. ಮೊದಲ ಬಾರಿ ಪ್ರಯತ್ನಿಸಿದವರು ಬೆಸುಗೆ ಅಂಟುತ್ತಿಲ್ಲವೆಂದು ಐರನ್ನನ್ನೋ ಲೆಡ್ಡನ್ನೋ (ಬೆಸುಗೆ ತಂತಿಯನ್ನೋ) ಬೈಯುವುದಕ್ಕೆ ಕಾರಣ ಹೆಚ್ಚಾಗಿ ಇದೇ ಲೇಪ. ಸ್ಕ್ರೂ ಬಿಗಿಯುವ ಪಿನ್ ಇಂಥ ಕೇಬಲಿಗೆ ನಿಷ್ಪ್ರಯೋಜಕವಾಗುವುದೂ ಇದರಿಂದಲೇ.

ಬಣ್ಣಗಳ ರೂಢಿ ಹೀಗಿದೆ: ಕೆಂಪು ಬಲಗಿವಿಗೆ, ಹಸಿರು ಅಥವಾ ನೀಲಿ ಎಡಗಿವಿಗೆ, ತಾಮ್ರದ ಬಣ್ಣ ಗ್ರೌಂಡಿಗೆ. ಕೆಲವು ಕೇಬಲುಗಳಲ್ಲಿ ಎರಡು ಕಿವಿಗಳ ಗ್ರೌಂಡ್ ಪ್ರತ್ಯೇಕವಾಗಿ ಬಂದು ಪಿನ್ನಿನಲ್ಲಿ ಕೂಡಿಕೊಳ್ಳುತ್ತವೆ. ಆದರೆ ತಯಾರಕರು ರೂಢಿಯನ್ನು ಪಾಲಿಸಲೇಬೇಕೆಂಬ ಕಟ್ಟಳೆಯಿಲ್ಲ, ಮೈಕಿನ ತಂತಿಗಂತೂ ನಿಶ್ಚಿತ ಬಣ್ಣವೇ ಇಲ್ಲ. ಆದ್ದರಿಂದ ತುದಿಗಳ ಎನಾಮಲ್ ತೆಗೆದ ಮೇಲೆ, ಪಿನ್ನಿಗೆ ಮುಟ್ಟಿಸುವ ಮೊದಲು, ಮಲ್ಟಿಮೀಟರಿನಿಂದ ತಂತಿಗಳ ನಡುವಿನ ವಿದ್ಯುತ್ ರೋಧವನ್ನು (ಅದರ ಮಾನ ಓಮ್) ಅಳೆಯುವುದು ಲೇಸು. ಸಾಮಾನ್ಯ ಇಯರ್‌ಫೋನಿನ ಸ್ಪೀಕರ್ 16 ಅಥವಾ 32 ಓಮ್ ಇರುತ್ತದೆ. ಒಂದು ಜೋಡಿ ತಂತಿಗಳ ನಡುವೆ 32, ಇನ್ನೊಂದು ಜೋಡಿಯ ನಡುವೆ 32, ಮೂರನೆಯ ಜೋಡಿಯ ನಡುವೆ 64 ಬಂದರೆ, 64 ತೋರಿಸಿದ ಎರಡು ತಂತಿಗಳು ಎಡ ಮತ್ತು ಬಲ, ಉಳಿದದ್ದು ಗ್ರೌಂಡ್. ಮೀಟರಿನ ಕಡ್ಡಿ ಮುಟ್ಟಿಸಿದಾಗ ಸ್ಪೀಕರಿನಲ್ಲಿ ಸಣ್ಣದಾಗಿ ಟಕ್ಕೆಂಬ ಸದ್ದು ಬರುವುದರಿಂದ ಯಾವ ಕಿವಿ ಯಾವುದು ಎಂಬುದೂ ತಿಳಿಯುತ್ತದೆ. ಮೈಕಿನ ತಂತಿ ಮತ್ತು ಗ್ರೌಂಡಿನ ನಡುವೆ ಇದಕ್ಕಿಂತ ಬಹಳ ಹೆಚ್ಚಿನ ಅಳತೆ ಬಂದು, ಕರೆ ಸ್ವೀಕರಿಸುವ ಗುಂಡಿ ಒತ್ತಿದ ಕ್ಷಣ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಮೀಟರ್ ಇಲ್ಲದವರು 1.5 ವೋಲ್ಟಿನ ಪೆನ್ ಸೆಲ್ಲಿನ ಎರಡು ತುದಿಗೆ ತಂತಿಗಳನ್ನು ಅರೆಕ್ಷಣ ಮುಟ್ಟಿಸಿಯೂ ಸದ್ದು ಕೇಳಬಹುದು. ಆಗ ಇಯರ್‌ಫೋನ್ ಕಿವಿಯೊಳಗೆ ಇರಬಾರದು, ಸದ್ದು ಜೋರಾಗಿರುತ್ತದೆ.

ಯಾವ ಪಿನ್?

ಹಳೆಯ ಪಿನ್ನಿನ ಮೇಲಿನ ಕಪ್ಪು ಅಥವಾ ಬಿಳಿ ಉಂಗುರಗೆರೆಗಳನ್ನು ಎಣಿಸಿ. ಎರಡು ಗೆರೆಗಳಿದ್ದರೆ ಪಿನ್ನಿಗೆ ಮೂರು ಭಾಗ: ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡ ಗ್ರೌಂಡಿಗೆ. ಮೂರು ಗೆರೆಗಳಿದ್ದರೆ ನಾಲ್ಕು ಭಾಗ, ಅಂದರೆ ಮೈಕ್ ಇರುವ ಪಿನ್. ಈಗಿನ ಫೋನುಗಳು ಅನುಸರಿಸುವ ಸಿಟಿಐಎ ಕ್ರಮದಲ್ಲಿ ತುದಿ ಎಡ, ಮೊದಲ ಉಂಗುರ ಬಲ, ಎರಡನೆಯ ಉಂಗುರ ಗ್ರೌಂಡ್, ಬುಡ ಮೈಕ್. ಹಳೆಯ ಕೆಲವು ಫೋನುಗಳಲ್ಲಿದ್ದ ಒಎಂಟಿಪಿ ಕ್ರಮದಲ್ಲಿ ಕೊನೆಯ ಎರಡು ಅದಲುಬದಲು. ಎರಡನ್ನೂ ಬೆರೆಸಿದರೆ ದನಿ ದೂರ ಸರಿದ ಆ ಟೊಳ್ಳು ಶಬ್ದ ಬರುತ್ತದೆ, ಮೈಕಿನ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಸರಿಯಾಗುತ್ತದೆ; ಹೀಗಾದರೆ ಗ್ರೌಂಡ್ ಮತ್ತು ಮೈಕ್ ತಂತಿಗಳು ತಿರುವುಮುರುವಾಗಿವೆ ಎಂದು ಬೇರೆ ಪರೀಕ್ಷೆಯಿಲ್ಲದೆ ಹೇಳಬಹುದು.

ಮೂರು ಭಾಗದ ಬಿಡಿ ಪಿನ್ನನ್ನು ಮನೆಯಲ್ಲಿ ಬೆಸೆಯುವುದು ಯಾರಿಗಾದರೂ ಸಾಧ್ಯ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಬೀದಿಯಲ್ಲಾಗಲಿ, ಜಿಲ್ಲಾ ಕೇಂದ್ರದ ರೇಡಿಯೋ ಬಿಡಿಭಾಗದ ಅಂಗಡಿಯಲ್ಲಾಗಲಿ ಸ್ಟೀರಿಯೋ ಇ.ಪಿ. ಪಿನ್ ಎಂದು ಕೇಳಿದರೆ ಕೊಡುತ್ತಾರೆ. ಪ್ಲಾಸ್ಟಿಕ್ ಕವಚದ್ದು ಅಗ್ಗ, ಆದರೆ ಒಳಗಿನ ಪ್ಲಾಸ್ಟಿಕ್ ಬಿಸಿಗೆ ಬೇಗ ಕರಗಿ ತುದಿ ಅಲ್ಲಾಡತೊಡಗುತ್ತದೆ. ಕೆಲವು ಹತ್ತು ರೂಪಾಯಿ ಹೆಚ್ಚು ಕೊಟ್ಟು ಲೋಹದ ಕವಚದ್ದನ್ನು, ಬುಡದಲ್ಲಿ ಸ್ಪ್ರಿಂಗ್ ಇರುವಂಥದ್ದನ್ನು ಕೊಳ್ಳುವುದು ಜಾಣತನ. ಒಂದರ ಬದಲು ಎರಡು ತನ್ನಿ. ಕೊಳ್ಳುವಾಗ ಕೇಬಲಿನ ತುಂಡೊಂದನ್ನು ಜೊತೆಗೆ ಒಯ್ದರೆ ಕವಚದ ತೂತಿನಲ್ಲಿ ಅದು ತೂರುತ್ತದೆಯೇ ಎಂದು ಅಲ್ಲೇ ನೋಡಬಹುದು. ಫೋನಿಗೆ ದಪ್ಪ ಕವರ್ ಹಾಕಿದವರು ಪಿನ್ನಿನ ಭುಜ ಎಷ್ಟು ಅಗಲವಿದೆ ಎಂಬುದನ್ನೂ ಗಮನಿಸಬೇಕು. ದಪ್ಪ ಕವಚದ ಪಿನ್ ಕವರಿಗೆ ತಾಗಿ ಪೂರ್ತಿ ಒಳಹೋಗದಿದ್ದರೆ ಇಷ್ಟೆಲ್ಲ ಕೆಲಸ ದಂಡ. ನೇರ ಪಿನ್ನಿಗಿಂತ ಎಲ್ ಆಕಾರದ್ದು ಲ್ಯಾಪ್‌ಟಾಪಿಗೆ ಒಪ್ಪುತ್ತದೆ, ಆದರೆ ಅದರ ಒಳಗೆ ಜಾಗ ಕಡಿಮೆ. ಮೊದಲ ಪ್ರಯತ್ನಕ್ಕೆ ನೇರವಾದದ್ದೇ ಸಾಕು.

ನಾಲ್ಕು ಭಾಗದ ಬಿಡಿ ಪಿನ್ನಿನ ಬಗ್ಗೆ ನನ್ನ ಸಲಹೆ ಬೇರೆ. ಅದರ ಒಳಗಿನ ಕಿವಿಗಳು, ಅಂದರೆ ತಂತಿ ಬೆಸೆಯುವ ಪುಟ್ಟ ತಗಡುಗಳು, ಒಂದರ ಮೇಲೊಂದು ಮಿಲಿಮೀಟರಿನಷ್ಟೂ ಅಂತರವಿಲ್ಲದೆ ಕೂತಿರುತ್ತವೆ. ಒಂದನ್ನು ಬೆಸೆಯುವಾಗ ಪಕ್ಕದ್ದು ಕರಗುತ್ತದೆ, ಅದನ್ನು ಸರಿಮಾಡಲು ಹೋದರೆ ನಡುವಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಎರಡು ದಾರಿಗಳಿವೆ. ಮೈಕ್ ನಿಮಗೆ ಬೇಡವೆಂದಾದರೆ ಮೂರು ಭಾಗದ ಪಿನ್ನನ್ನೇ ಹಾಕಿ, ಮೈಕಿನ ತಂತಿಯನ್ನು ಗಿಡ್ಡವಾಗಿ ಕತ್ತರಿಸಿ, ಬೇರೇನಕ್ಕೂ ತಾಗದಂತೆ ಸ್ಲೀವ್ (ತಂತಿಯನ್ನು ಮುಚ್ಚುವ ಸಣ್ಣ ಪ್ಲಾಸ್ಟಿಕ್ ಕೊಳವೆ) ಹಾಕಿ ಬಿಡಬಹುದು. ಮೂರು ಭಾಗದ ಪಿನ್ನಿನ ಉದ್ದನೆಯ ಬುಡ ಫೋನಿನ ಗ್ರೌಂಡ್ ಮತ್ತು ಮೈಕ್ ಸಂಪರ್ಕಗಳೆರಡನ್ನೂ ಮುಟ್ಟುವುದರಿಂದ ಫೋನ್ ಇದನ್ನು ಮೈಕಿಲ್ಲದ ಹೆಡ್‌ಫೋನೆಂದು ತಿಳಿದು ಹಾಡನ್ನು ಸರಿಯಾಗಿಯೇ ನುಡಿಸುತ್ತದೆ, ಕರೆಗೆ ತನ್ನ ಸ್ವಂತ ಮೈಕನ್ನು ಬಳಸುತ್ತದೆ. ಗುಂಡಿಗಳು ಮಾತ್ರ ಕೆಲಸ ಮಾಡುವುದಿಲ್ಲ.

ಮೈಕ್ ಬೇಕೇ ಬೇಕೆಂದರೆ ಎರಡನೆಯ ದಾರಿ: ನಾಲ್ಕು ಭಾಗದ ಅಚ್ಚುಪಿನ್ (ಕೇಬಲಿನೊಂದಿಗೇ ಅಚ್ಚು ಹಾಕಿದ ಪಿನ್) ಇರುವ ಇನ್ನೊಂದು ಕೇಬಲನ್ನು ಪಿನ್ನಿನಿಂದ ಹತ್ತು ಹದಿನೈದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ತಂತಿಗೆ ತಂತಿಯನ್ನು ಬೆಸೆಯುವುದು. ಪ್ರತಿ ಮನೆಯ ಡ್ರಾಯರಿನಲ್ಲಿಯೂ ಸ್ಪೀಕರ್ ಸತ್ತು ಪಿನ್ ಗಟ್ಟಿಯಾಗಿರುವ ಒಂದಾದರೂ ಇಯರ್‌ಫೋನ್ ಇರುತ್ತದೆ. ಕಾರ್ಖಾನೆಯ ಅಚ್ಚುಪಿನ್ ತೆಳ್ಳಗಿರುತ್ತದೆ, ಅದರ ಕತ್ತಿನ ರಬ್ಬರ್ ಎಳೆತವನ್ನು ಚೆನ್ನಾಗಿ ತಡೆಯುತ್ತದೆ, ಪ್ಲಾಸ್ಟಿಕ್ ಕರಗುವ ಭಯವೇ ಇಲ್ಲ. ಕೊರತೆಯೆಂದರೆ ಕೇಬಲಿನ ನಡುವೆ ಒಂದು ಗಂಟು ಉಳಿಯುತ್ತದೆ, ಮತ್ತು ಎರಡೂ ಕಡೆ ಎನಾಮಲ್ ಇದ್ದರೆ ತೆಗೆಯುವ ಕೆಲಸ ಇಮ್ಮಡಿ. ನಾಲ್ಕು ಭಾಗದ ಆಕ್ಸ್ ಕೇಬಲ್ ಸಿಕ್ಕರೆ, ಅದರ ಒಳತಂತಿಗಳಿಗೆ ಪ್ಲಾಸ್ಟಿಕ್ ಹೊದಿಕೆಯಿರುವ ಸಾಧ್ಯತೆ ಹೆಚ್ಚಾದ್ದರಿಂದ, ಕೆಲಸ ಅರ್ಧಕ್ಕೆ ಇಳಿಯುತ್ತದೆ. ನೋಡಲು ಚೆಂದವಿಲ್ಲ ಎಂಬುದನ್ನು ಬಿಟ್ಟರೆ ಮೈಕ್ ಇರುವ ಇಯರ್‌ಫೋನಿಗೆ ಇದೇ ಅತ್ಯುತ್ತಮವೆಂದು ನಾನು ಹೇಳುತ್ತೇನೆ.

ಐರನ್ ಮತ್ತು ಲೆಡ್

ಈ ಒಂದು ಕೆಲಸಕ್ಕೆ 25 ವ್ಯಾಟಿನ, ನೇರವಾಗಿ 230 ವೋಲ್ಟಿಗೆ ಸಿಕ್ಕಿಸುವ ಸಾಧಾರಣ ಐರನ್ ಸಾಕು. ಸೋಲ್ಡ್ರಾನ್‌ನಂಥ ದೇಶೀ ಐರನ್ನುಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ, ತುದಿಯೂ ಬಿಡಿಯಾಗಿ ದೊರೆಯುತ್ತದೆ. 60 ವ್ಯಾಟಿನ, ಉಷ್ಣತೆ ನಿಯಂತ್ರಣವಿಲ್ಲದ ಐರನ್ ಪಿನ್ನಿನ ಪ್ಲಾಸ್ಟಿಕ್ಕಿಗೆ ಶತ್ರು. ಉಷ್ಣತೆ ಹೊಂದಿಸಬಹುದಾದ ಸೋಲ್ಡರಿಂಗ್ ಸ್ಟೇಷನ್ ಇದ್ದರೆ ಖಂಡಿತ ಸುಖ: ಎನಾಮಲ್ ಸುಡಲು 380 ಡಿಗ್ರಿಯ ಸುತ್ತ ಇಟ್ಟು, ಪಿನ್ನಿಗೆ ಬೆಸೆಯುವಾಗ 320ರ ಆಸುಪಾಸಿಗೆ ಇಳಿಸಿಕೊಳ್ಳಬಹುದು. ಆದರೆ ಒಂದು ಪಿನ್ನಿಗಾಗಿ ಅದನ್ನು ಕೊಳ್ಳುವುದು ಹೆಡ್‌ಫೋನಿನ ಬೆಲೆಗಿಂತ ಹೆಚ್ಚಾದೀತು. ಪೆನ್ ಸೆಲ್ಲಿನಿಂದಲೋ ಯುಎಸ್‌ಬಿ ಚಾರ್ಜರಿನಿಂದಲೋ ನಡೆಯುವ ತೀರಾ ಅಗ್ಗದ ಐರನ್ನುಗಳು ಗ್ರೌಂಡಿನ ದೊಡ್ಡ ತಗಡನ್ನು ಬಿಸಿಮಾಡುವಷ್ಟರಲ್ಲಿ ತಾವೇ ತಣ್ಣಗಾಗುತ್ತವೆ.

ಲೆಡ್ ಎಂದು ಅಂಗಡಿಯಲ್ಲಿ ಕೊಡುವ ಬೆಸುಗೆ ತಂತಿಯಲ್ಲಿ ತವರ ಮತ್ತು ಸೀಸ 60/40 ಅಥವಾ 63/37ರ ಪ್ರಮಾಣದಲ್ಲಿರುತ್ತವೆ. 63/37 ನಿಖರವಾಗಿ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಅಲ್ಲೇ ಗಟ್ಟಿಯಾಗುತ್ತದೆ. 60/40 ಗಟ್ಟಿಯಾಗುವ ಮುನ್ನ ಕೆಲವು ಡಿಗ್ರಿಗಳ ಕಾಲ ಗಂಜಿಯಂತಿರುತ್ತದೆ, ಆಗ ಕೈ ಅಲ್ಲಾಡಿದರೆ ಬೆಸುಗೆ ಒಡಕಾಗುತ್ತದೆ. ಇಷ್ಟು ಸಣ್ಣ ಕೆಲಸದಲ್ಲಿ ಕೈ ಅಲ್ಲಾಡದೆ ಇರುವುದು ಕಷ್ಟವಾದ್ದರಿಂದ 63/37 ಸಿಕ್ಕರೆ ಅದೇ ಇರಲಿ. ಸೀಸರಹಿತ ಲೆಡ್ 217 ಡಿಗ್ರಿಯ ನಂತರ ಕರಗುವುದರಿಂದ ಪಿನ್ನಿನ ಪ್ಲಾಸ್ಟಿಕ್ಕಿಗೆ ಅಪಾಯ ಹೆಚ್ಚು. ಯುರೋಪಿನಲ್ಲಿರುವ ನಮ್ಮವರಿಗೆ ಅಂಗಡಿಯಲ್ಲಿ ಅದೇ ಸಿಗುವ ಸಾಧ್ಯತೆ ಇರುವುದರಿಂದ ಅವರು ಪಿನ್ನಿನ ಗುಣಮಟ್ಟದಲ್ಲಿ ರಾಜಿ ಮಾಡಿಕೊಳ್ಳಬಾರದು. ದಪ್ಪ 22 ಗೇಜ್, ಅಂದರೆ ಸುಮಾರು 0.7 ಮಿ.ಮೀ. ಇದ್ದರೆ ಸರಿ, 18 ಗೇಜಿನ ದಪ್ಪ ತಂತಿ ಒಂದೇ ಬಾರಿಗೆ ಎರಡು ತಗಡುಗಳನ್ನು ಮುಳುಗಿಸುವಷ್ಟು ಕರಗುತ್ತದೆ. ಲೆಡ್ಡಿನ ಒಳಗೇ ರಾಳ ತುಂಬಿರುತ್ತದೆ, ಬೇರೆ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಪೇಸ್ಟ್) ಬೇಕಿದ್ದರೆ ರಾಳದ್ದೇ ಇರಲಿ. ನಲ್ಲಿ, ತಗಡಿನ ಕೆಲಸಕ್ಕೆ ಬಳಸುವ ಆಮ್ಲದ ಫ್ಲಕ್ಸ್ ತಂತಿಯನ್ನು ತಿಂಗಳುಗಳಲ್ಲಿ ತಿಂದುಹಾಕುತ್ತದೆ.

ಸೀಸ ದೇಹಕ್ಕೆ ಒಳ್ಳೆಯದಲ್ಲ. ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು, ರಾಳದ ಹೊಗೆ ಮುಖಕ್ಕೆ ಬರದಂತೆ ಕಿಟಕಿ ತೆರೆದಿರಬೇಕು.

ಎನಾಮಲ್ ತೆಗೆಯುವ ಬಗೆಗಳು

ಇಲ್ಲಿ ನಾಲ್ಕು ಪದ್ಧತಿಗಳು ಚಾಲ್ತಿಯಲ್ಲಿವೆ, ನಾಲ್ಕೂ ಸಮಾನವಲ್ಲ. ಬ್ಲೇಡಿನಿಂದ ಕೆರೆಯುವುದು ಮೋಟಾರ್ ವೈಂಡಿಂಗಿನ ದಪ್ಪ ತಂತಿಗೆ ಸರಿ; ಇಯರ್‌ಫೋನಿನ ಎಳೆಗಳು ಎರಡನೆಯ ಗೀರಿಗೇ ತುಂಡಾಗುತ್ತವೆ. ಲೈಟರಿನ ಜ್ವಾಲೆಗೆ ಹಿಡಿಯುವುದು ಬೇಗ ಮುಗಿಯುತ್ತದೆ, ನಡುವಿನ ನೈಲಾನ್ ನೂಲೂ ಸುಟ್ಟುಹೋಗುತ್ತದೆ, ಆದರೆ ತಾಮ್ರ ಕಪ್ಪಾಗಿ ಬೆಸುಗೆ ಹಿಡಿಯಲು ಹಟಮಾಡುತ್ತದೆ, ಒಂದು ಕ್ಷಣ ಹೆಚ್ಚಾದರೆ ಎಳೆ ಪೆಡಸಾಗಿ ಮುರಿಯುತ್ತದೆ. ಆಸ್ಪಿರಿನ್ ಗುಳಿಗೆಯ ಮೇಲೆ ತಂತಿಯಿಟ್ಟು ಐರನ್ ಒತ್ತುವ ಹಳೆಯ ಉಪಾಯವೂ ಇದೆ; ಲೇಪ ಹೋಗುವುದು ನಿಜ, ಅದರ ಹೊಗೆ ಮೂಗು ಗಂಟಲನ್ನು ಉರಿಸುವುದೂ ಅಷ್ಟೇ ನಿಜ.

ಉಳಿದದ್ದು ಲೆಡ್ಡಿನಲ್ಲೇ ಬೇಯಿಸುವ ಪದ್ಧತಿ, ನಾನು ಒಪ್ಪುವುದು ಇದನ್ನೇ. ನೂಲನ್ನು ಎಳೆಗಳಿಂದ ಬೇರ್ಪಡಿಸಿ ಬುಡಕ್ಕೆ ಕತ್ತರಿಸಿ, ಒಂದೇ ಬಣ್ಣದ ಎಳೆಗಳನ್ನು ಹಗುರವಾಗಿ ಹೊಸೆದುಕೊಳ್ಳಿ. ಐರನ್ನಿನ ತುದಿಗೆ ಹೊಸ ಲೆಡ್ ಹಚ್ಚಿದರೆ ಸಾಸಿವೆಯಷ್ಟು ದೊಡ್ಡ ಹೊಳೆಯುವ ಹನಿ ನಿಲ್ಲುತ್ತದೆ. ಹೊಸೆದ ತಂತಿಯ ತುದಿಯನ್ನು ಆ ಹನಿಯೊಳಗೆ ಮುಳುಗಿಸಿ ಹಿಡಿಯಿರಿ. ಮೊದಲು ಏನೂ ಆಗುವುದಿಲ್ಲ. ಲೆಡ್ ಎಳೆಗಳಿಂದ ದೂರ ಸರಿಯುತ್ತಲೇ ಇರುತ್ತದೆ. ನಾಲ್ಕೈದು ಸೆಕೆಂಡಿಗೆ ತೆಳ್ಳನೆಯ ಹೊಗೆ ಏಳುತ್ತದೆ, ಕೆಂಪು ಬಣ್ಣ ಕಂದಾಗಿ ಕಪ್ಪಾಗುತ್ತದೆ, ಆಮೇಲೆ ಒಮ್ಮೆಲೇ ಬೆಳ್ಳಿಯ ಬಣ್ಣ ತುದಿಯಿಂದ ಬುಡದ ಕಡೆಗೆ ಹರಿದು ಎಳೆಗಳನ್ನೆಲ್ಲ ಒಂದಾಗಿಸುತ್ತದೆ. ಹನಿ ಮಂಕಾದರೆ ಒರೆಸಿ ಹೊಸ ಲೆಡ್ ತೆಗೆದುಕೊಳ್ಳಬೇಕು, ಏಕೆಂದರೆ ಕೆಲಸ ಮಾಡುವುದು ಬಿಸಿಯ ಜೊತೆಗೆ ತಾಜಾ ರಾಳ. ಮೂರು ಮಿಲಿಮೀಟರ್ ಬೆಳ್ಳಿಯಾದರೆ ಸಾಕು, ಉಳಿದ ಎನಾಮಲ್ ಹಾಗೆಯೇ ಇದ್ದು ತಂತಿಗಳು ಒಂದಕ್ಕೊಂದು ಶಾರ್ಟ್ ಆಗದಂತೆ ಕಾಯುತ್ತದೆ.

ಬೆಸೆಯುವಾಗ

ಪಿನ್ನಿನ ಕವಚವನ್ನೂ ಸ್ಲೀವ್ ತುಂಡನ್ನೂ ಮೊದಲೇ ಕೇಬಲಿಗೆ ಪೋಣಿಸಿಕೊಂಡಿರಬೇಕು. ಬೆಸುಗೆ ಮುಗಿದ ಮೇಲೆ ನೆನಪಾದರೆ ಎಲ್ಲವನ್ನೂ ಬಿಚ್ಚದೆ ಗತ್ಯಂತರವಿಲ್ಲ. ಪಿನ್ನನ್ನು ಹಿಡಿದುಕೊಳ್ಳಲು ಹಳೆಯ ಹೆಡ್‌ಫೋನ್ ಎಕ್ಸ್‌ಟೆನ್ಷನ್ ಕೇಬಲಿನ ತೂತಿಗಿಂತ ಒಳ್ಳೆಯ ಸಾಧನವಿಲ್ಲ: ಪಿನ್ನನ್ನು ಅದರಲ್ಲಿ ಸಿಕ್ಕಿಸಿಟ್ಟರೆ ಒಳಗಿನ ಲೋಹ ಸ್ವಲ್ಪ ಬಿಸಿಯನ್ನು ಹೀರಿಕೊಳ್ಳುತ್ತದೆ, ಪ್ಲಾಸ್ಟಿಕ್ ಮೆತ್ತಗಾದರೂ ತುದಿ, ಉಂಗುರಗಳು ನೇರವಾಗಿಯೇ ಉಳಿಯುತ್ತವೆ. ಈ ಕೆಲಸಕ್ಕೆ ಫೋನಿನ ತೂತನ್ನು ಮಾತ್ರ ಬಳಸಬೇಡಿ. ಯಾವ ತಗಡು ಯಾವ ಭಾಗಕ್ಕೆ ಸೇರಿದ್ದೆಂಬುದನ್ನು ಮೀಟರಿನಿಂದ ಖಚಿತಪಡಿಸಿಕೊಂಡು, ಪ್ರತಿ ತಗಡಿಗೂ ಮೊದಲೇ ಒಂದು ಚುಕ್ಕೆ ಲೆಡ್ ಹಾಕಿಡಿ. ನಂತರ ತಂತಿಯನ್ನು ಆ ಚುಕ್ಕೆಯ ಮೇಲಿಟ್ಟು ಐರನ್ ಮುಟ್ಟಿಸಿದರೆ ಎರಡು ಸೆಕೆಂಡಿನಲ್ಲಿ ಕೂಡಿಕೊಳ್ಳುತ್ತದೆ. ತುದಿ ಮತ್ತು ಉಂಗುರದ ತಗಡುಗಳಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು; ಅಂಟದಿದ್ದರೆ ತಣಿಯಲು ಬಿಟ್ಟು ಮತ್ತೆ ಪ್ರಯತ್ನಿಸಿ. ಗ್ರೌಂಡಿನ ತಗಡು ದೊಡ್ಡದು, ಅದಕ್ಕೆ ಸ್ವಲ್ಪ ಹೆಚ್ಚು ಸಮಯ ಬೇಕು, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಕೇಬಲಿಗೆ ಕೇಬಲ್ ಜೋಡಿಸುವವರು ನಾಲ್ಕು ತಂತಿಗಳನ್ನು ಒಂದೇ ಅಳತೆಗೆ ಕತ್ತರಿಸದೆ ಮೆಟ್ಟಿಲಿನಂತೆ ಹಿಂದೆಮುಂದೆ ಇಟ್ಟರೆ ಬೆಸುಗೆಗಳು ಎದುರುಬದುರಾಗುವುದಿಲ್ಲ, ಗಂಟೂ ತೆಳ್ಳಗಿರುತ್ತದೆ. ಪ್ರತಿ ಬೆಸುಗೆಗೂ ಸಣ್ಣ ಸ್ಲೀವ್, ಎಲ್ಲವನ್ನೂ ಮುಚ್ಚಲು ದೊಡ್ಡದೊಂದು. ಇನ್ಸುಲೇಷನ್ ಟೇಪ್ ಬೇಸಿಗೆಯಲ್ಲಿ ಅಂಟು ಸುರಿಸಿ ಜಾರುವುದರಿಂದ ಅದನ್ನು ತಾತ್ಕಾಲಿಕಕ್ಕಷ್ಟೇ ಬಳಸಬಹುದು.

ಗ್ರೌಂಡಿನ ತಗಡಿನ ಕೊನೆಯಲ್ಲಿರುವ ಎರಡು ರೆಕ್ಕೆಗಳನ್ನು ಇಕ್ಕಳದಿಂದ ಮಡಚಿ ಕೇಬಲಿನ ಹೊರ ರಬ್ಬರಿನ ಮೇಲೆ ಬಿಗಿಯಬೇಕು. ಒಳತಂತಿಗಳ ಮೇಲೆ ಬಿಗಿದರೆ ಅವು ಕತ್ತರಿಸಿಹೋಗುತ್ತವೆ. ಸಡಿಲ ಬಿಟ್ಟರೆ ಎಳೆತವೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ. ರಬ್ಬರ್ ತೀರಾ ಸಣ್ಣದಾಗಿ ರೆಕ್ಕೆಗೆ ಸಿಗದಿದ್ದರೆ ಅಲ್ಲಿ ಎರಡು ಸುತ್ತು ಸ್ಲೀವ್ ಏರಿಸಿ ದಪ್ಪ ಮಾಡಿಕೊಳ್ಳಬಹುದು. ಕವಚ ಮುಚ್ಚುವ ಮೊದಲೇ ಅಳೆದು ನೋಡುವುದು ಒಳಿತು: ತುದಿಗೂ ಗ್ರೌಂಡಿಗೂ ನಡುವೆ 16 ಅಥವಾ 32ರ ಹತ್ತಿರ, ಉಂಗುರಕ್ಕೂ ಗ್ರೌಂಡಿಗೂ ಅಷ್ಟೇ. ಸೊನ್ನೆ ಬಂದರೆ ಲೆಡ್ ಎಲ್ಲೋ ಹರಿದು ಶಾರ್ಟ್ ಆಗಿದೆ. ಮೀಟರ್ ಏನೂ ತೋರಿಸದಿದ್ದರೆ ಎನಾಮಲ್ ಪೂರ್ತಿ ಹೋಗಿಲ್ಲ. ಕವಚ ತಿರುಗಿಸುವಾಗ ಕೇಬಲ್ ಅದರೊಂದಿಗೆ ತಿರುಗದಂತೆ ಹಿಡಿದುಕೊಳ್ಳಿ. ಮುಚ್ಚಿದ ಮೇಲೆ ಒಂದು ಕಿವಿ ಮೌನವಾದರೆ ಕಾರಣ ಸಾಮಾನ್ಯವಾಗಿ ಲೋಹದ ಕವಚ ಹೊರಚಾಚಿದ ಬೆಸುಗೆಗೆ ತಾಗುತ್ತಿರುವುದು. ಒಳಗೆ ತೆಳುವಾದ ಪ್ಲಾಸ್ಟಿಕ್ ಸುರುಳಿಯೊಂದನ್ನು ಇಟ್ಟರೆ, ಕೆಲವು ಪಿನ್ನುಗಳೊಂದಿಗೆ ಅದನ್ನೂ ಕೊಟ್ಟಿರುತ್ತಾರೆ, ತೊಂದರೆ ತಪ್ಪುತ್ತದೆ. ಎಡ ಬಲ ತಿರುವುಮುರುವಾಗಿದ್ದರೆ ಹಾಡು ಕೇಳುವವರು ಹಾಗೇ ಬಿಟ್ಟುಬಿಡಬಹುದು, ಹೆಡ್‌ಫೋನಿನ ಮೇಲಿನ ಎಲ್ ಮತ್ತು ಆರ್ ಅಕ್ಷರಗಳ ಮೇಲೆ ಚೀಟಿ ಅಂಟಿಸಿದರೆ ಮುಗಿಯಿತು. ರೆಕಾರ್ಡಿಂಗ್ ಮಾಡುವವರು ಮಾತ್ರ ಮತ್ತೆ ಐರನ್ ಬಿಸಿಮಾಡಬೇಕು.